ಮಸಿಯಿಲ್ಲದ ಗಣಿ

ಗಣಿ ಅಂತೀಯ, ದುಮಾನ್,
ಮಸಿ ಎಲ್ಲಿ ಮತ್ತೆ?
ಇಪ್ಪತ್ತಾರು ವರ್ಷ ಎಕಿಬಸ್ತೂಜಿನ ತೂಕದ ಮನೆಯಲ್ಲಿ
ಕಲ್ಲಿದ್ದಲ ವ್ಯಾಗನ್ನು ತೂಗಿದವಳು ನಾನು.
ಎಷ್ಟು ಸೋಪು ಹಚ್ಚಿ ತಿಕ್ಕಿದರೂ
ಕಿವಿಯ ಹಿಂದೆ ಒಂದು ಗೆರೆ ಉಳಿದೇ ಉಳಿಯುತ್ತಿತ್ತು.
ಇಲ್ಲಿ ರಾತ್ರಿಪಾಳಿಗೆ ಸೇರಿ ಒಂಬತ್ತು ದಿನ,
ಕಸಬರಿಕೆಗೆ ಸಿಕ್ಕಿದ್ದು ಎರಡು ತಿರುಪುಮೊಳೆ,
ಸೂರ್ಯಕಾಂತಿ ಬೀಜದ ಸಿಪ್ಪೆ.
ಅದೂ ನೀನೇ ಉಗಿದದ್ದು.

ಹೊರಗೆ ಮೈನಸ್ ಮೂವತ್ತನಾಲ್ಕು.
ಒಳಗೆ ಸಾವಿರ ಫ್ಯಾನು ಒಟ್ಟಿಗೆ ಅರಚುತ್ತಿವೆ,
ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿದ್ದೇನೆ,
ಜೋರಾಗಿ ಹೇಳು.
ಈ ಪೆಟ್ಟಿಗೆಗಳು ಅಗೆಯುವುದು ಏನನ್ನ?

ಒಂದು ಸಂಖ್ಯೆಯನ್ನ, ಅಪಾ.
ಮುಂದೆ ಸಾಲಾಗಿ ಸೊನ್ನೆ ನಿಲ್ಲೋ ಉತ್ತರ ಸಿಗೋವರೆಗೆ
ಊಹಿಸ್ತವೆ, ತಪ್ಪುತ್ತವೆ, ಮತ್ತೆ ಊಹಿಸ್ತವೆ.
ಮೊದಲು ಸಿಕ್ಕವರಿಗೆ ಹೊಸ ಪುಟ ಬರೆಯೋ ಹಕ್ಕು,
ಜೊತೆಗೆ ಕೂಲಿ.

ತಪ್ಪಿದ ಊಹೆಗಳನ್ನು ಎಲ್ಲಿ ಸುರೀತೀರಿ?
ನಾವು ಬರಿಗಲ್ಲನ್ನೂ ಗುಡ್ಡೆ ಹಾಕುತ್ತಿದ್ದೆವು,
ಆ ಗುಡ್ಡದ ಮೇಲೀಗ ಬರ್ಚ್ ಮರ ಎದ್ದಿದೆ.
ನೀನು ಗೋಡೆಯ ತೂತಿನತ್ತ ಕೈ ತೋರಿಸಿದೆ.
ಬಿಸಿಗಾಳಿ.
ಅಲ್ಲಿ ಹಿಮ ಕರಗಿ ದುಂಡಗೆ ನೆಲ ಕಾಣುತ್ತಿದೆ,
ನಡುವೆ ಒಕ್ಕಣ್ಣ ನಾಯಿ
ಜೂನ್ ತಿಂಗಳೆಂಬಂತೆ ಅಂಗಾತ ಮಲಗಿದೆ.

ಸರಿ. ಪೂಲು ಅಂದರೇನು, ಈಜೋದಾ?
ನಕ್ಕೆ ನೀನು. ಒಬ್ಬರೇ ಹುಡುಕಿದರೆ
ಮೊಮ್ಮಕ್ಕಳ ಕಾಲಕ್ಕೂ ಸಿಗದು,
ಅದಕ್ಕೇ ಗುಂಪು, ಯಾರಿಗೆ ಸಿಕ್ಕರೂ ದುಡಿದಷ್ಟು ಪಾಲು.
ದುಡಿದರು ಅಂತ ಗೊತ್ತಾಗೋದು ಹೇಗೆ?
ಗುರಿ ಮುಟ್ಟದೆ ಹತ್ತಿರ ಹೋದ ಊಹೆಗಳನ್ನೂ ಎಣಿಸುತ್ತಾರಂತೆ.
ಅಬ್ಬ, ಹತ್ತಿರ ಹೋಗಿದ್ದಕ್ಕೂ ಕೂಲಿ ಕೊಡುವ ಕೆಲಸ
ನನ್ನ ಗಂಡನಿಗೆ ಸಿಗಬೇಕಿತ್ತು.
ಎಣಿಸುವವನು ಯಾರು? ಅವನ ತಕ್ಕಡಿ ನೋಡುವವರು ಯಾರು?
ನೀನು ಚಹಾ ಬಗ್ಗಿಸಿದೆ.
ತೂಕದ ಮನೆಯವಳು, ಮಗು,
ತೂಗುವವನ ಕೈ ನೋಡದೆ ಮುಳ್ಳು ನೋಡುವುದಿಲ್ಲ.

ಪುಸ್ತಕ ಎಲ್ಲರ ಬಳಿಯೂ ಇದೆಯಂತೆ, ಒಂದೇ ಪುಸ್ತಕ,
ಬೀಗವಿಲ್ಲ, ಬೀರುವಿಲ್ಲ.
ಹಳೆಯ ಒಂದು ಸಾಲು ತಿದ್ದಬೇಕೆಂದರೆ
ಮುಂದಿನ ಪುಟಗಳನ್ನೆಲ್ಲ ಮತ್ತೆ ಅಗೆಯಬೇಕಂತೆ,
ಅದೂ ಉಳಿದವರೆಲ್ಲ ಬರೆಯುತ್ತ ಓಡುತ್ತಿರುವಾಗ
ಅವರನ್ನು ಹಿಂದಿಕ್ಕಿ.
ನಮಗೆ ಇಷ್ಟೆಲ್ಲ ಬೇಕಿರಲಿಲ್ಲ.
ಒಂದು ಬ್ಲೇಡು. ಕೆರೆದ ಕಾಗದಕ್ಕೆ ಉಗುರಿನ ನಯ.
ಮೇಲೆ ಅದೇ ಬಾಟಲಿಯ ಮಸಿ.

ಇದನ್ನೇಕೆ ಹೇಳಿದೆನೋ.

ಹಾಗಾದರೆ ಇದನ್ನ ಮುರಿಯೋಕೇ ಆಗಲ್ಲವಾ?
ಆಗುತ್ತೆ, ಅಪಾ, ಅಂದೆ, ಸಿಪ್ಪೆ ಉಗಿದು.
ಅರ್ಧಕ್ಕಿಂತ ಹೆಚ್ಚು ಬಲ ಒಂದೇ ಕೈ ಸೇರಿದರೆ
ಆಮೇಲೆ ಅವರು ಬರೆದದ್ದೇ ಪುಸ್ತಕ.
ನೂರರಲ್ಲಿ ಐವತ್ತೊಂದು.

ತೊಂಬತ್ನಾಲ್ಕರ ಚಳಿಗಾಲ. ನಾವು ಮೂವರು,
ಒಂದು ರೈಲಿಗೆ ಮೂರು ಸಹಿ.
ಐದು ತಿಂಗಳಿಂದ ಸಂಬಳ ಬಂದಿರಲಿಲ್ಲ,
ಸಕ್ಕರೆ ಮೂಟೆ ಬಂತು, ಮನೆಗೊಂದು.
ಲಿಡಿಯಾ ಫ್ರಿಟ್ಸ್ಲರ್ ಬರೆದಳು, ಹನ್ನೊಂದು ವ್ಯಾಗನ್.
ನಾನು ಬರೆದೆ, ಹನ್ನೊಂದು.
ಓರಿನ್‌ಬಸಾರ್ ಹನ್ನೆರಡು ಅಂದ,
ಹನ್ನೆರಡು ಅಂತಲೇ ಬರೆದ.
ಕುಡಿದು ಎಣಿಸಿದ್ದಾನೆ ಅಂತ ಷರಾ ಬಿತ್ತು. ಕೆಲಸ ಹೋಯಿತು.
ಚಹಾಕ್ಕೆ ಸಕ್ಕರೆ ಕೂಡ ಹಾಕಿಕೊಳ್ಳದ ಮನುಷ್ಯ.

ಮೂರರಲ್ಲಿ ಎರಡು ಅಂದರೆ ನೂರಕ್ಕೆ ಎಷ್ಟು?
ನೀನು ಫೋನು ಒತ್ತಿದೆ, ಅರವತ್ತಾರು ಚಿಲ್ಲರೆ.
ಧಾರಾಳವಾಯಿತು.

ಕೊನೇದು ಒಂದು ಕೇಳ್ತೀನಿ.
ಇಬ್ಬರು ಒಟ್ಟಿಗೆ ಬರೆದು ಒಂದೇ ಪುಟ ಗೆದ್ದರೆ
ಸೋತದ್ದು, ಅದರಲ್ಲೂ ಸುಳ್ಳಿಲ್ಲವಲ್ಲ,
ಅದು ಏನಾಗುತ್ತೆ?
ಅದಕ್ಕೆ ಅನಾಥ ಅಂತಾರೆ ಅಪಾ.
ಎಲ್ಲೋ ಯಾರದೋ ಯಂತ್ರದಲ್ಲಿ ಬಿದ್ದಿರುತ್ತೆ,
ಯಾರೂ ಕೇಳಲ್ಲ.

ಮೂರನೇ ಸಾಲಿನಲ್ಲಿ ಫ್ಯಾನೊಂದು ನಿಂತು
ಕೆಂಪು ದೀಪ ಹತ್ತಿತು, ನೀನು ಓಡಿದೆ.
ನಾನು ಯಂತ್ರ ಸಿಕ್ಕಿಸಿಕೊಳ್ಳಲು
ಬೆರಳನ್ನು ಕಿವಿಯ ಹಿಂದೆ ಒಯ್ದೆ,
ತೆಗೆದು ಬೆಳಕಿಗೆ ಹಿಡಿದು ನೋಡಿದೆ.