ಇಂಗಿಲ್ಲದ ಒಗ್ಗರಣೆ

ಮೇಯೋ ಹಾಲ್ ಎದುರಿನ ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ
ಮೂವತ್ತೊಂದು ವರ್ಷದಿಂದ ನನ್ನ ಟೈಪ್‌ರೈಟರು.
ವಿನಂತಿ, ತಕರಾರು, ತಪ್ಪೊಪ್ಪಿಗೆ, ಏನೇ ಇರಲಿ
ಕೊನೆಯ ಸಾಲು ಎಲ್ಲರಿಗೂ ಒಂದೇ:
ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.
ನಾನು ಟೀ ಕುಡಿಯುತ್ತಿದ್ದರೂ ಬೆರಳು ಬಡಿದು ಮುಗಿಸುತ್ತದೆ.

ಇವತ್ತು ಆಸ್ಟಿನ್ ಟೌನಿನಿಂದ ಸ್ಟೆಲ್ಲಮ್ಮ.
ಮನೆ ಬಿಟ್ಟು ಹತ್ತು ತಿಂಗಳು, ಅಡ್ವಾನ್ಸ್ ಬಂದಿಲ್ಲ,
ಸುಣ್ಣಬಣ್ಣಕ್ಕೆ ಹಿಡಿದೆ ಎನ್ನುತ್ತಾನಂತೆ ಮಾಲೀಕ.
"ಕನ್ನಡದಲ್ಲಿ ಕೇಳಿದ್ದಾಯ್ತು, ತಮಿಳಲ್ಲಿ ಬೈದಿದ್ದಾಯ್ತು,
ಇಂಗ್ಲಿಷಲ್ಲಿ ಮರ್ಯಾದೆಯಾಗಿ ಬರೀರಿ."

ಜೊತೆಗೆ ಮೊಮ್ಮಗಳು, ಏಳನೇ ಕ್ಲಾಸು.
ಹಾಳೆಗೆ ಮೂಗು ತಾಗಿಸಿ ಓದಿ
"ಅಂಕಲ್, ಹಿಯರ್ ಅಲ್ಲ, ಹಿಯರಿಂಗ್" ಅಂದಳು.
ಟು ಇದೆಯಲ್ಲಮ್ಮಾ ಅಂದೆ.
"ಈ ಟು ಬೇರೆ, ಆ ಟು ಬೇರೆ. ಮಿಸ್ ಹೇಳಿದಾರೆ."

ಬೇರೆಯಂತೆ!
ನಮ್ಮ 'ಗೆ' ಹೆಸರಿನ ಬೆನ್ನಿಗಂಟಿ ಸುಮ್ಮನೆ ಬರುತ್ತದೆ,
ಜೋಳಿಗೆಯೊಳಗಿನ ಕೂಸು.
ಅವರದು ಬಾಗಿಲಲ್ಲಿ ನಿಂತ ವಾಚ್‌ಮನ್,
ಯಾರನ್ನು ಬಿಡುತ್ತಾನೋ, ಯಾರ ಕೈಲಿ ಪುಸ್ತಕದಲ್ಲಿ ಸಹಿ ಹಾಕಿಸುತ್ತಾನೋ.

ಹಿಯರಿಂಗ್ ನನಗೆ ಗೊತ್ತಿಲ್ಲದ ಪದವೇ?
ರಸ್ತೆ ದಾಟಿದರೆ ದಿನವೂ ಅದೇ.
ಇವತ್ತು ಹಿಯರಿಂಗಾ?
ಇಲ್ಲ ಸಾರ್, ಮುಂದಕ್ಕೆ ಹೋಯ್ತು.
ಫಾರ್ವರ್ಡೂ ಅಲ್ಲೇ ಇತ್ತು, ಕರಿ ಕೋಟುಗಳ ನಡುವೆ,
ನಾನೇ ಸೇರಿಸಿ ಓದಿರಲಿಲ್ಲ.

ಇಂಗು ತೆಂಗಿದ್ದರೆ ಮಂಗವೂ ಅಡುಗೆ ಮಾಡೀತು
ಎನ್ನುತ್ತಿದ್ದಳು ಅಜ್ಜಿ.
ಮೂವತ್ತೊಂದು ವರ್ಷ ಇಂಗಿಲ್ಲದೆ ಒಗ್ಗರಣೆ ಹಾಕಿದೆನೇ?
ಉತ್ತರ ಬಾರದವರ ಮುಖಗಳು ಸಾಲಾಗಿ ನಿಂತವು.
ಆಮೇಲೆ ಉತ್ತರ ಬಂದವರ ನೆನಪೂ ಆಯ್ತು,
ಅವರ ಕಾಗದದಲ್ಲೂ ಇಂಗಿರಲಿಲ್ಲ.

ಹಿಯರ್‌ಗೂ ಫ್ರಮ್‌ಗೂ ನಡುವೆ
ಮೂರಕ್ಷರಕ್ಕೆ ಜಾಗವಿಲ್ಲ, ಬಿಳಿ ಬಳಿದರೂ ಸಾಲದು.
ಹೊಸ ಹಾಳೆ ಏರಿಸಿದೆ, ನನ್ನ ಖರ್ಚಿನಲ್ಲೇ.
ಆ ಸಾಲು ಏನನ್ನುತ್ತೆ ಎಂದಳು ಸ್ಟೆಲ್ಲಮ್ಮ.
ನಿಮ್ಮ ಉತ್ತರದ ದಾರಿ ಕಾಯ್ತಿದೀನಿ ಅಂತ.
"ಉತ್ತರ ಯಾರಿಗ್ಬೇಕು ಸಾರ್? ದುಡ್ಡು ಅಂತ ಹಾಕಿ."

ಹುಡುಗಿ ಉಗುರು ಕಚ್ಚಿ ಯೋಚಿಸಿ
"ಹಂಗಾದ್ರೆ ರಿಸೀವಿಂಗ್" ಅಂದಳು.
ಹಾಗೇ ಬಡಿದೆ. ಗಂಟೆ ಟಣ್ ಎಂದಿತು.

"ಬರ್ತೀವಿ" ಎಂದು ಹೊರಟರು ಇಬ್ಬರೂ.
ಮುಂದಿನವನು ಆಗಲೇ ಕುರ್ಚಿ ಎಳೆದಿದ್ದ,
ರಾಜೀನಾಮೆ ಬರೆಯಬೇಕಂತೆ,
ಜಗಳ ಮಾಡಿಕೊಂಡ ಹಾಗೆ ಕಾಣಬಾರದಂತೆ.