ಮುರುಗೋಡಿಗೆ ಸೊಪ್ಪು

ಮಂಗಳೂರಿನ ಬೂತಾಯಿ ಹುಡಿ
ಚೀಲಕ್ಕೆ ಮುನ್ನೂರು ಏರಿದ ದಿನ
ಬಾಳೆಲೆಯಲ್ಲಿ ಕೂತು
ಮರಗಳ ಕಡೆ ನೋಡಿದೆ.

ಕಾಫಿಗೆ ನೆರಳು ಕಡಿಯುವ ತಿಂಗಳು.
ಚಾತ ಹಾಲುವಾಣದ ಕೊಂಬೆ ಇಳಿಸಿದ,
ಹಿತ್ತಲ ನುಗ್ಗೆಯನ್ನೂ ಬಿಡಲಿಲ್ಲ.
ಕಹಿ ಬಿಡಲೆಂದು ರಾತ್ರಿಯೆಲ್ಲ ನೆನೆಸಿ
ನೆರಳು ಕೊಟ್ಟದ್ದನ್ನು
ನೆರಳಲ್ಲೇ ಒಣಗಿಸಿದೆವು.

ಹೋದ ವರ್ಷ ಮೊಯ್ದು
ಗಿರಣಿಯ ಬಾಗಿಲಿಗೇ ಅಡ್ಡ ನಿಂತಿದ್ದ:
"ನಿಮ್ಮ ಮೀನು ಹುಡಿ ಬೀಸಿದರೆ
ಊರ ಕಡಂಬುಟ್ಟೆಲ್ಲ ನಾರುತ್ತೆ, ದೇಚಕ್ಕಾ."
ಈ ಸಲ ಹಸಿರು ಹುಡಿ ಮೂಸಿ
"ಇದು ಯಾವ ತೋಟದ ಚಹಾ?" ಎಂದ.

ತವುಡು, ಶೇಂಗಾ ಹಿಂಡಿ,
ಅಂಟಿಗೆ ಮರಗೆಣಸಿನ ಹಿಟ್ಟು.
ನೂಪುಟ್ಟಿನ ಒರಳಲ್ಲೇ ಒತ್ತಿದೆ;
ಅತ್ತೆ ಮೂರು ದಿನ ಮಾತಾಡಲಿಲ್ಲ.

ಪೂರಾ ಸೊಪ್ಪು ಎಸೆದಾಗ
ಬಾಯಿಗಿಟ್ಟು ಉಗಿದವು.
ಮುಕ್ಕಾಲು. ಅರ್ಧ.
ಕಾಲು ಪಾಲಿಗೆ ಮೀಸೆಗಳು ಒಪ್ಪಿದವು.

ಇವತ್ತು ತೂಕ:
ಹಳೆ ಮೇವಿನ ಕೊಳದ್ದು ನೂರಾ ನಲವತ್ತು ಗ್ರಾಂ,
ಸೊಪ್ಪಿನದ್ದು ನೂರಾ ಮೂವತ್ತೆಂಟು.
ಎರಡು ಗ್ರಾಮನ್ನು ಕೆಂಪು ಶಾಯಿಯಲ್ಲಿ ಬರೆದು
ಕೈ ಮೂಸಿದೆ: ಅದೇ ಮೀನು.

ಸಂಜೆ ಅವು ಗಾಳಿ ನುಂಗಲು ಮೇಲೆ ಬಂದಾಗ
ಕತ್ತಿ ಮಸೆಯುತ್ತ ಚಾತ ಕೇಳಿದ:
"ಅಕ್ಕಾ, ಮೀನಿಗೆ ನಾಳೆ ಯಾವ ಮರ?"