ಗಾಳಿ ಲೆಕ್ಕ

ಮೇಜಿನ ಮೇಲೆ ಮೂರು ಕಾರ್ಬುರೇಟರ್.
ಹಳೇ ಅರಬ್ಬಿ ಪೇಪರು ಹಾಸಿ, ಸೀಮೆಎಣ್ಣೆಯಲ್ಲಿ ತೊಳೆದು
ಸಾಲಾಗಿ ಇಟ್ಟಿದ್ದೇನೆ,
ಹೆಣ್ಣು ನೋಡಲು ಬಂದವರ ಮುಂದೆ
ತಿಂಡಿ ತಟ್ಟೆ ಇಟ್ಟ ಹಾಗೆ.

ಗಾಡಿ ಲ್ಯಾಂಡ್ ರೋವರ್, ಅರವತ್ತೆಂಟರದು,
ನನಗಿಂತ ಎರಡು ವರ್ಷ ದೊಡ್ಡವಳು.
ಬೋರು ಕೊರೆಸಿ, ಪಿಸ್ಟನ್ ಕೂರಿಸಿ, ವಾಲ್ವು ಉಜ್ಜಿ
ನಾಲ್ಕು ತಿಂಗಳಾಯಿತು ವಾದಿ ಕಬೀರಿನ ಈ ಶೆಡ್ಡಿನಲ್ಲಿ.
ಎದೆ ಸಿದ್ಧ. ಮೂಗು ಬಾಕಿ.

ಸೋಲೆಕ್ಸ್ ಒಂದು: ಶಾನುಭೋಗರ ಪೈಕಿ,
ಲೆಕ್ಕ ಪಕ್ಕಾ, ಕೂದಲೆಳೆ ಕಸ ಬಿದ್ದರೆ ಮೂರು ದಿನ ಮುನಿಸು.
ವೆಬರ್ ಹೊಸದು, ಡಬ್ಬದ ವಾಸನೆ ಇನ್ನೂ ಹೋಗಿಲ್ಲ,
ಕೀಲಿ ತಿರುವಿದರೆ ಹೊತ್ತಿಕೊಳ್ಳುತ್ತದೆ, ಏನೂ ಕೇಳುವುದಿಲ್ಲ.
ಜೆನಿತ್ ಗಾಡಿಯ ಜೊತೆಗೇ ಬಂದದ್ದು.
ಬಿಸಿಲು ತಿಂದು ತಿಂದು ಮೈ ಸೊಟ್ಟಗಾಗಿ
ಮುಚ್ಚಳಕ್ಕೂ ಬಟ್ಟಲಿಗೂ ನಡುವೆ ಬ್ಲೇಡು ತೂರುತ್ತದೆ.

'ವೆಬರ್ ಹಾಕು ಭಾಯ್, ಊಟಕ್ಕೆ ಹೋಗೋಣ'
ಅಂದ ಸಿಯಾಲ್‌ಕೋಟಿನ ಗುಲ್ಫಾಮ್.
ಹೊರಗೆ ನಲವತ್ತಾರು ಡಿಗ್ರಿ.
ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾಗುವ ಹೊತ್ತು.
ಅವನದೂ ಸರಿಯೇ.

ಆದರೆ ಗಂಗೊಳ್ಳಿ ಧಕ್ಕೆಯಲ್ಲಿ, ನನಗೆ ಮೀಸೆ ಬರುವ ಮೊದಲು,
ದೋಣಿ ಇಂಜಿನಿಗೆ ಸ್ಕ್ರೂಡ್ರೈವರ್ ಊರಿ
ಹಿಡಿಯನ್ನು ಕಿವಿಗೆ ಕೊಟ್ಟು ಆಲಿಸುತ್ತಿದ್ದ ಮಂಜ ಖಾರ್ವಿ
ಹೇಳಿದ್ದು ಒಂದೇ ಮಾತು:
'ಇಂಜಿನ್ ಎಂತದ್ ಅಂದ್ ಕೇಣ್ಬೇಡ ಮಾರಾಯ,
ಎಲ್ಲಿಗ್ ಹೋಪ್ದ್ ಅಂದ್ ಕೇಣ್.'

ಕೇಳಿದೆ.
ಝುವೈನಾ ಬಿಂತ್ ಹಿಲಾಲ್, ಗಾಡಿಯ ಒಡತಿ,
ಕನ್ನಡಕ ಒರೆಸುತ್ತಾ ಅರಬ್ಬಿ ಬೆರೆತ ಹಿಂದಿಯಲ್ಲಿ ಅಂದಳು:
ಎಲ್ಲಿಗೆ? ಶುಕ್ರವಾರ ಕಡಲ ದಂಡೆಗೆ. ಅಷ್ಟೇ.
ಆಮೇಲೆ, ಬಾಗಿಲ ತನಕ ಹೋಗಿ ತಿರುಗಿ ಬಂದು:
ವರ್ಷಕ್ಕೊಮ್ಮೆ ಹಸಿರು ಬೆಟ್ಟಕ್ಕೆ.
ದಾಳಿಂಬೆ ಹಣ್ಣಾದಾಗ.

ಆಗ ಜೆನಿತ್ ಬಿಚ್ಚಿದೆ.
ಒಳಗಿನ ಜೆಟ್, ಹಿತ್ತಾಳೆಯದು, ಕಡಲೆಕಾಳಿನಷ್ಟು.
ನಂಬರು ಅರೆದು ಹೋಗಿದೆ. ತೂತನ್ನು ಬೆಳಕಿಗೆ ಹಿಡಿದರೆ
ಇರಬೇಕಾದ್ದಕ್ಕಿಂತ ಸಣ್ಣ ಚುಕ್ಕೆ,
ಅದರ ಸುತ್ತ ಬೆಳ್ಳಗೆ ಮಿರುಗುವ ಉಂಗುರ.
ತವರ!
ಯಾರೋ ತೂತು ಮುಚ್ಚಿ, ಮತ್ತೆ ಸೂಜಿಯಲ್ಲಿ ಚುಚ್ಚಿದ್ದಾರೆ.

'ಅಪ್ಪ ಕಾಫಿ ಹೂಜಿಗಳಿಗೆ ಕಲಾಯಿ ಹಾಕುತ್ತಿದ್ದ' ಅಂದಳು.
ತೈಲ ಕಂಪನಿಯ ಹರಾಜಿನಲ್ಲಿ ಈ ಗಾಡಿ ಹಿಡಿದು
ರಸ್ತೆಯಿಲ್ಲದ ಬೆಟ್ಟದಲ್ಲಿ ಊರೂರು ಏರಿದನಂತೆ,
ಹಿಂದೆ ತಿದಿ, ಇದ್ದಿಲು, ನವಸಾಗರ.

ಮೇಲೆ ಗಾಳಿ ತೆಳು. ತೆಳು ಗಾಳಿಗೆ ಪೆಟ್ರೋಲು ಕಡಿಮೆ ಸಾಕು,
ಹೆಚ್ಚಾದರೆ ಕರಿ ಹೊಗೆ, ಏರು ಹತ್ತದು.
ಇದನ್ನು ನಾನು ಪುಸ್ತಕದಲ್ಲಿ ಓದಿದವನು.
ಅವನು ಬಹುಶಃ ತನ್ನ ಏದುಸಿರಿನಲ್ಲಿ.

ಗುಲ್ಫಾಮ್ ಒಬ್ಬನೇ ಊಟಕ್ಕೆ ಹೋದ.
ನಾನು ಗಾಜಿನ ಹಲಗೆಗೆ ಪೇಸ್ಟು ಬಳಿದು
ಜೆನಿತ್‌ನ ಮುಖವನ್ನು ಎಂಟರ ಆಕಾರದಲ್ಲಿ ತಿಕ್ಕಿದೆ, ತಿಕ್ಕಿದೆ,
ಅಸರ್ ಬಾಂಗಿನಿಂದ ಮಗ್ರಿಬ್ ಬಾಂಗಿನ ತನಕ.
ಅಡಿಗೆ ದಪ್ಪ ಪ್ಯಾಕಿಂಗ್, ಪೈಪನ್ನು ಸೈಲೆನ್ಸರಿನಿಂದ ದೂರ ಬಾಗಿಸಿ
ಒಳಗೆ ಹೊಸ ಜೆಟ್, ಕಡಲ ಮಟ್ಟದ್ದು.

ಹಳೆಯದನ್ನು ಅವಳ ಅಂಗೈಗೆ ಹಾಕಿ
ಬದಲಿಸುವುದು ಕಲಿಸಿದೆ:
ಬಿರ್ಕತ್ ಅಲ್ ಮೌಝ್‌ನಲ್ಲಿ, ಏರು ಶುರುವಾಗುವ ಮೊದಲು
ಬಂದ್ ಮಾಡಿ. ಒಂದು ಕಾಫಿ ಕುಡಿಯುವಷ್ಟು ಆರಲಿ.
ಮುಚ್ಚಳ ಬಿಚ್ಚಿ. ಇದು ಹೊರಗೆ, ಅದು ಒಳಗೆ.
ಮೊದಲ ಸಲ ಕೈಜಾರಿತು.
ಇಬ್ಬರೂ ನೆಲಕ್ಕೆ ಕೂತು ಮಣ್ಣೆಣ್ಣೆಯ ರಾಡಿಯಲ್ಲಿ
ಬೆರಳಾಡಿಸಿ ಹುಡುಕಿದೆವು.
ಮೂರನೇ ಸಲಕ್ಕೆ ನನ್ನ ಕೈ ಬೇಕಾಗಲಿಲ್ಲ.

ದುಡ್ಡು ಎಣಿಸಿಕೊಟ್ಟು ಕೇಳಿದಳು:
ಇಳಿದ ಮೇಲೆ ಮತ್ತೆ ಬದಲಿಸಬೇಕಾ?
ಬೇಕು.
ಮರೆತರೆ?

ಸೀನುತ್ತದೆ, ಅಂದೆ.
ತಿಳಿಯುತ್ತದೆ.